ಘಟ್ಟ ಹತ್ತುವ ಉಸ್ತಾದರು ಮೊದಲು ಕಲಿಯಬೇಕಾದ ಪಾಠ

ನಮ್ಮ ಕರಾವಳಿಯ ಮಾತಿನಲ್ಲಿ ಚಾರ್ಮಾಡಿ ದಾಟಿದ ಮೇಲೆ ಸಿಗುವುದೆಲ್ಲ ಘಟ್ಟವೇ. ಮೂಡಿಗೆರೆಯ ಕಾಫಿ ತೋಟವೂ ಘಟ್ಟ, ದಾವಣಗೆರೆಯ ಬಯಲೂ ಘಟ್ಟ. ‘ಮಗ ಘಟ್ಟದಲ್ಲಿ ಮದ್ರಸದಲ್ಲಿ ಕಲಿಸ್ತಾನೆ’ ಎಂದು ಒಬ್ಬ ಉಮ್ಮ ಹೇಳಿದರೆ, ಆ ಮಗ ಕಳಸದ ಗುಡ್ಡದಲ್ಲಿದ್ದಾನೋ ತುಂಗಭದ್ರೆಯ ದಡದಲ್ಲಿದ್ದಾನೋ ಎಂದು ಇನ್ನೊಮ್ಮೆ ಕೇಳಬೇಕಾಗುತ್ತದೆ.

ಹಿಂದೆ ಹೆಚ್ಚಿನ ಉಸ್ತಾದರು ಗುಡ್ಡದ ಕಡೆಗೇ ಹೋಗುತ್ತಿದ್ದರು. ಚಿಕ್ಕಮಗಳೂರು, ಕೊಡಗಿನ ತೋಟದ ಊರುಗಳಲ್ಲಿ ಬ್ಯಾರಿ ಅಥವಾ ಮಲಯಾಳ ಮಾತಾಡುವ ಜಮಾಅತ್‌ಗಳಿವೆ. ಅಲ್ಲಿಯೂ ಶಾಫಿಈ ನಿಸ್ಕಾರ, ಅದೇ ಮದ್ರಸ ಪುಸ್ತಕ, ಅದೇ ಮೌಲೂದ್. ಅಲ್ಲಿಗೆ ಹೋದವರಿಗೆ ಚಳಿ ಮತ್ತು ಜಿಗಣೆ ಹೊಸದು, ಮನುಷ್ಯರು ಹೊಸಬರಲ್ಲ. ಈಗ ದಾರಿ ಇನ್ನೂ ಮುಂದಕ್ಕೆ ಹೋಗಿದೆ. ಕೆಲವು ವರ್ಷಗಳಿಂದ ಕರಾವಳಿಯ ಸುನ್ನಿ ಸಂಘಟನೆಗಳು ಮತ್ತು ದಾನಿಗಳು ಉತ್ತರ ಕರ್ನಾಟಕದ ಹಳ್ಳಿಗಳಿಗೆ ಉಸ್ತಾದರನ್ನು ಕಳಿಸುತ್ತಿದ್ದಾರೆ. ಅಲ್ಲಿ ಮಕ್ಕಳು ಉಳಿದುಕೊಂಡು ಓದುವ ವಸತಿ ಮದ್ರಸಗಳು ಎದ್ದಿವೆ. ನಾನು ಕಲಿಸುವುದು ಅಂಥದೊಂದು ಸಣ್ಣ ಮದ್ರಸದಲ್ಲಿ. ವಿಜಯನಗರ ಜಿಲ್ಲೆ, ಹೂವಿನ ಹಡಗಲಿ ತಾಲೂಕು, ಇಟ್ಟಿಗಿ ಕಡೆ.

ಈ ಕೆಲಸಕ್ಕೆ ಕರಾವಳಿಯ ಮನೆಗಳಿಂದ ಹಣ ಬರುತ್ತಿದೆ, ದುಆ ಬರುತ್ತಿದೆ. ಆದರೆ ಬಂದ ಉಸ್ತಾದರಲ್ಲಿ ಅನೇಕರು ಒಂದು ವರ್ಷ ತುಂಬಿದ ಕೂಡಲೇ ಇಳಿದುಬಿಡುತ್ತಾರೆ. ಅವರು ಇಳಿದಾಗ ಮಕ್ಕಳ ಪಾಠ ಮತ್ತೆ ಅಲಿಫ್‌ನಿಂದ ಶುರು. ಹಾಗಾಗಿ ಇಲ್ಲಿನ ದಿನಚರಿ ಹೇಗಿರುತ್ತದೆ, ಉಸ್ತಾದರು ಯಾಕೆ ನಿಲ್ಲುವುದಿಲ್ಲ, ನಿಲ್ಲಬೇಕಾದರೆ ಏನು ಬೇಕು ಎಂಬುದನ್ನು ಓದುಗರ ಮುಂದೆ ಇಡಬೇಕೆನಿಸಿತು.

ಮಲ್ಲಿಗೆ ಒಂದೇ, ನೀರು ಬೇರೆ

ಹಡಗಲಿ ಎಂದರೆ ಮಲ್ಲಿಗೆ. ನಮ್ಮ ಉಡುಪಿ ಮಲ್ಲಿಗೆಗೆ ಇರುವಂತೆ ಹಡಗಲಿ ಮಲ್ಲಿಗೆಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಕರಾವಳಿಯವನಿಗೆ ಇಲ್ಲಿ ಪರಿಚಿತ ಎನಿಸುವುದು ಅದೊಂದೇ ಇರಬೇಕು. ಉಳಿದದ್ದೆಲ್ಲ ಜೋಳ, ಮೆಕ್ಕೆಜೋಳ, ಈರುಳ್ಳಿ, ಬಿಸಿಲು. ಮಳೆ ನಮ್ಮ ಕಡೆ ಬೀಳುವುದರ ಐದನೇ ಒಂದು ಪಾಲೂ ಇಲ್ಲ.

ಕರಾವಳಿಯ ಪಳ್ಳಿಗಳಲ್ಲಿ ತುಂಬಿದ ಹೌಳ್ ಪಕ್ಕ ಕೂತು ಕೈ ಮುಳುಗಿಸಿ ವುಳೂ ಮಾಡಿ ಬೆಳೆದವರು ನಾವು. ಇಲ್ಲಿ ಬೇಸಿಗೆಯಲ್ಲಿ ಒಂದು ಚೊಂಬು ನೀರಿನಲ್ಲಿ ಮುಗಿಸಬೇಕು. ಪ್ರವಾದಿ (ಸ) ಒಂದು ಮುದ್ದ್ ನೀರಿನಲ್ಲಿ ವುಳೂ ಮಾಡುತ್ತಿದ್ದರೆಂಬ ಹದೀಸ್ ನಾವೆಲ್ಲ ಓದಿದ್ದೇವೆ. ಮುದ್ದ್ ಎಂದರೆ ಒಂದು ಲೀಟರಿಗೂ ಕಡಿಮೆ. ದರ್ಸ್‌ನಲ್ಲಿ ಅದೊಂದು ಅಳತೆ ಮಾತ್ರ. ಇಟ್ಟಿಗಿ ಕಡೆಯ ಏಪ್ರಿಲ್ ತಿಂಗಳಲ್ಲಿ ಅದು ಬದುಕು. ಹುಡುಗರು ಹುಟ್ಟಿನಿಂದಲೇ ಹೀಗೆ ಮಾಡಿಕೊಂಡು ಬಂದವರು. ಈ ವಿಷಯದಲ್ಲಿ ಅವರೇ ಉಸ್ತಾದ್.

ಒಂದು ದಿನ ಹೇಗೆ ಸಾಗುತ್ತದೆ

ಸುಬ್‌ಹಿ ಬಾಂಗಿಗೆ ಮೊದಲು ಎಬ್ಬಿಸುವುದರಿಂದ ದಿನ ಶುರು. ದೊಡ್ಡ ಹುಡುಗರು ಒಂದು ಕೂಗಿಗೆ ಏಳುತ್ತಾರೆ. ಸಣ್ಣವರನ್ನು ಒಬ್ಬೊಬ್ಬರನ್ನಾಗಿ ಚಾಪೆಯಿಂದ ಎತ್ತಿ ಕೂರಿಸಬೇಕು. ಹಾಸಿಗೆ ಒದ್ದೆ ಮಾಡಿಕೊಂಡವನಿದ್ದರೆ ಉಳಿದವರು ನೋಡುವ ಮುಂಚೆ ಅವನ ಚಾದರ ಸುತ್ತಿ ಹೊರಗೆ ಹಾಕುವುದೂ ಉಸ್ತಾದನ ಕೆಲಸ. ಇದನ್ನು ಯಾವ ಕಿತಾಬಿನಲ್ಲೂ ಕಲಿಸುವುದಿಲ್ಲ. ಆದರೆ ಆ ಮಗು ಮದ್ರಸದಲ್ಲಿ ಉಳಿಯುತ್ತದೋ ಓಡಿಹೋಗುತ್ತದೋ ಎಂಬುದು ಅನೇಕ ಸಲ ಅಲ್ಲೇ ತೀರ್ಮಾನವಾಗುತ್ತದೆ.

ನಿಸ್ಕಾರಕ್ಕೆ ಊರಿನ ಮಸೂತಿಗೆ ಹೋಗುತ್ತೇವೆ. ಬಂದ ಮೇಲೆ ಎಂಟು ಗಂಟೆಯವರೆಗೆ ಕುರ್‌ಆನ್ ಪಾಠ. ನಂತರ ಉಪ್ಪಿಟ್ಟು ಅಥವಾ ಒಗ್ಗರಣೆ ಹಾಕಿದ ಮಂಡಕ್ಕಿ. ಒಂಬತ್ತೂವರೆಗೆ ಮಕ್ಕಳು ಸಮವಸ್ತ್ರ ಹಾಕಿ ಸರಕಾರಿ ಕನ್ನಡ ಶಾಲೆಗೆ ಹೊರಡುತ್ತಾರೆ. ಸಂಜೆ ಬಂದು ಚಹಾ, ಅಸರ್, ಆಟ. ಮಗ್ರಿಬ್‌ನಿಂದ ಇಶಾವರೆಗೆ ದೀನಿಯಾತ್, ಇಶಾ ಮತ್ತು ರೊಟ್ಟಿ ಊಟ ಆದ ಮೇಲೆ ಶಾಲೆಯ ಹೋಂವರ್ಕ್. ಹತ್ತಕ್ಕೆ ದೀಪ ಆರಿಸುವುದು.

ಲೆಕ್ಕ ಹಾಕಿದರೆ ಕಿತಾಬ್ ಹಿಡಿದು ಕಲಿಸುವ ಹೊತ್ತು ನಾಲ್ಕು ಗಂಟೆ ದಾಟುವುದಿಲ್ಲ. ಉಳಿದ ಇಪ್ಪತ್ತು ಗಂಟೆ ಉಸ್ತಾದ್ ತಂದೆ, ತಾಯಿ, ಗುಮಾಸ್ತ, ಕೆಲವೊಮ್ಮೆ ಅಡುಗೆಯವ. ನಾಲ್ಕು ಗಂಟೆಯ ಕೆಲಸ ಎಂದುಕೊಂಡು ಬಂದವರೇ ಬೇಗ ಇಳಿಯುವುದು.

‘ಉಸ್ತಾದ್’ ಎಂದರೆ ಯಾರು?

ಮೊದಲ ವಾರ ಇಲ್ಲಿ ಯಾರೂ ನಮ್ಮನ್ನು ಉಸ್ತಾದ್ ಎನ್ನುವುದಿಲ್ಲ. ಇಲ್ಲಿ ನಾವು ‘ಹಜ್ರತ್’. ನಿಸ್ಕಾರ ಇಲ್ಲಿ ನಮಾಜ್, ನೋಂಬು ರೋಜಾ, ಪಳ್ಳಿ ಮಸೂತಿ, ನಮ್ಮ ರಮಳಾನ್ ಇಲ್ಲಿ ರಂಜಾನ್, ವುಳೂ ಇಲ್ಲಿ ವಜೂ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ. ನಡಾಫ್-ಪಿಂಜಾರರ ಕೆಲವು ಮನೆಗಳಲ್ಲಂತೂ ಒಲೆಯ ಮುಂದೆಯೂ ಕನ್ನಡವೇ. ಹತ್ತಿ ಹಿಂಜಿ ಹಾಸಿಗೆ ಮಾಡಿಕೊಡುತ್ತಿದ್ದ ಹಿರಿಯರ ಮೊಮ್ಮಕ್ಕಳು ಇವರು.

ಕುರ್‌ಆನ್ ಪಾಠದಲ್ಲೂ ವ್ಯತ್ಯಾಸವಿದೆ. ನಾವು ಫತ್‌ಹ್, ಕಸ್ರ್, ಳಮ್ಮ್ ಎಂದು ಕೂಡಿಸಿ ಓದಿ ಬೆಳೆದವರು. ಇಲ್ಲಿನ ಮಕ್ಕಳು ಜಬರ್, ಜೇರ್, ಪೇಶ್ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅಭ್ಯಾಸವಾದದ್ದು ಪೊನ್ನಾನಿ ಲಿಪಿಯ ಮುಸ್‌ಹಫ್. ಇವರ ಮನೆಯ ಮುಸ್‌ಹಫ್ ಉತ್ತರ ಭಾರತದ ಬರವಣಿಗೆಯದ್ದು. ಅಕ್ಷರದ ತಿರುವು ಬೇರೆ, ಗುರುತುಗಳನ್ನು ಹಾಕುವ ರೀತಿ ಬೇರೆ. ಅಲ್ಲಾಹನ ಕಲಾಂ ಒಂದೇ. ಆದರೆ ಏಳು ವರ್ಷದ ಮಗುವಿಗೆ ಇದ್ದಕ್ಕಿದ್ದಂತೆ ಬೇರೆ ಬರವಣಿಗೆ ಕೊಟ್ಟರೆ, ಬರುತ್ತಿದ್ದ ಓದೂ ನಿಂತುಹೋಗುತ್ತದೆ. ಅಜ್ಜಿಯ ಹತ್ತಿರ ಒಂದು ಬಗೆ, ಹಜ್ರತ್ ಹತ್ತಿರ ಇನ್ನೊಂದು ಬಗೆ ಎಂದು ಮಗು ಗೊಂದಲಕ್ಕೆ ಬೀಳುತ್ತದೆ. ಅವರ ಮನೆಯಲ್ಲಿರುವ ಮುಸ್‌ಹಫ್ ತರಿಸಿ ಅದರಲ್ಲೇ ಕಲಿಸಿದರೆ, ರಜೆಯಲ್ಲಿ ಊರಿಗೆ ಹೋದಾಗ ಮಗು ಅಜ್ಜಿಯ ಮುಂದೆ ಓದಿ ತೋರಿಸುತ್ತದೆ. ಬದಲಾಗಬೇಕಾದ್ದು ನಮ್ಮ ಕಣ್ಣಿನ ಅಭ್ಯಾಸ.

ಇದು ನಮಗೆ ಬೇಗ ಅರ್ಥವಾಗಬೇಕು. ಯಾಕೆಂದರೆ ನಾವೂ ಬ್ಯಾರಿ ಮಾತಾಡುವ ಮನೆಯಿಂದ ಎದ್ದು ಬೇರೆ ಭಾಷೆಯಲ್ಲಿ ದೀನ್ ಕಲಿತವರು. ಸಮಸ್ತದ ವಿದ್ಯಾಭ್ಯಾಸ ಬೋರ್ಡ್ 1951ರಲ್ಲಿ ರೂಪುಗೊಂಡ ಮೇಲೆ ಬಂದ ಪಠ್ಯಪುಸ್ತಕಗಳು ಅರಬಿ ಮಲಯಾಳದಲ್ಲಿದ್ದವು. ದಕ್ಷಿಣ ಕನ್ನಡದ ಎಷ್ಟೋ ಮಕ್ಕಳು ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಮಲಯಾಳ ಎಂದು ಮೂರು ದಡ ಈಜಿದವರು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ 2009ರಲ್ಲಿ ಸ್ಥಾಪನೆಯಾದಾಗ ನಮಗೆಲ್ಲ ಆದ ಸಂತೋಷ ನೆನಪಿರಬಹುದು. ಮನೆಮಾತಿಗೆ ಗೌರವ ಸಿಗುವುದೆಂದರೆ ಏನೆಂದು ಬಲ್ಲವರು ನಾವು. ಹಾಗಿರುವಾಗ ಇನ್ನೊಬ್ಬರ ಮಗುವಿನ ‘ನಕ್ಕೋ’, ‘ಹೌ’ ಕೇಳಿ ನಗಬಾರದು. ಪ್ರತಿಯೊಬ್ಬ ಪ್ರವಾದಿಯನ್ನೂ ಆತನ ಜನರ ಭಾಷೆಯಲ್ಲೇ ಕಳಿಸಲಾಯಿತೆಂದು ಇಬ್ರಾಹೀಮ್ ಸೂರದಲ್ಲಿ ಅಲ್ಲಾಹು ತಿಳಿಸಿದ್ದಾನೆ. ಪ್ರವಾದಿಗಳಿಗೇ ಆ ನಿಯಮವಿದ್ದ ಮೇಲೆ ಉಸ್ತಾದರಿಗೆ ವಿನಾಯಿತಿ ಎಲ್ಲಿ?

ಮಂಡಿಯ ಗಾಯ ಮತ್ತು ಮಝ್‌ಹಬ್

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮಝ್‌ಹಬ್. ನಾವು ಶಾಫಿಈ, ಈ ಊರಿನವರು ಹನಫೀ. ಸಂಜೆ ಕಬಡ್ಡಿ ಆಡುವಾಗ ಒಬ್ಬನ ಮಂಡಿ ತರಚಿ ರಕ್ತ ಹರಿಯುತ್ತದೆ. ಮಗ್ರಿಬ್ ಹತ್ತಿರ ಬಂದಿದೆ. ಹುಡುಗ ಓಡಿ ಬಂದು ಕೇಳುತ್ತಾನೆ: “ಹಜ್ರತ್ರೀ, ರಗತ ಬಂತು, ವಜೂ ಹೋಯ್ತೇನ್ರೀ?” ನಮ್ಮ ಮಝ್‌ಹಬ್‌ನಲ್ಲಿ ರಕ್ತ ಬಂದರೆ ವುಳೂ ಮುರಿಯುವುದಿಲ್ಲ. ಹನಫೀ ಮಝ್‌ಹಬ್‌ನಲ್ಲಿ ಹರಿದ ರಕ್ತದಿಂದ ಮುರಿಯುತ್ತದೆ. ಆ ಹೊತ್ತಿಗೆ ಉಸ್ತಾದ್ ತನಗೆ ಗೊತ್ತಿದ್ದದ್ದನ್ನು ಹೇಳಿಬಿಟ್ಟರೆ, ನಾಳೆ ಆ ಹುಡುಗ ಊರಿನ ಮಸೂತಿಯಲ್ಲಿ ಅಜ್ಜನ ಜೊತೆ ವಾದಕ್ಕೆ ನಿಲ್ಲುತ್ತಾನೆ. ಅಜ್ಜ ಮುಂದಿನ ವಾರ ಮೊಮ್ಮಗನ ಗಂಟು ಕಟ್ಟಿ ಮನೆಗೆ ಕರೆದುಕೊಂಡು ಹೋಗುತ್ತಾನೆ. ಹೋದರೆ ಮದ್ರಸ ಮಾತ್ರವಲ್ಲ, ಶಾಲೆಯೂ ಹೋಯಿತು.

ಇಂಥವು ದಿನಕ್ಕೆ ಹತ್ತು. ಅಸರ್ ಸಮಯ ಇಲ್ಲಿ ನಮ್ಮದಕ್ಕಿಂತ ಸುಮಾರು ಒಂದು ಗಂಟೆ ತಡ. ವಸ್ತುವಿನ ನೆರಳು ಅದರ ಎರಡು ಪಟ್ಟು ಆಗಬೇಕೆನ್ನುವುದು ಇಮಾಂ ಅಬೂ ಹನೀಫಾರ ಅಭಿಪ್ರಾಯ. ಸುಬ್‌ಹಿಯನ್ನು ಇವರು ಸ್ವಲ್ಪ ಬೆಳಕು ಹರಿದ ಮೇಲೆ ನಿರ್ವಹಿಸುತ್ತಾರೆ, ನಮ್ಮ ಹಾಗೆ ಕುನೂತ್ ಇಲ್ಲ. ಕುನೂತ್ ಇವರಿಗೆ ವಿತ್ರ್‌ನಲ್ಲಿ. ತಹಿಯ್ಯಾತ್‌ನಲ್ಲಿ ನಾವು ಎತ್ತಿದ ಬೆರಳು ಹಾಗೆಯೇ ಇರುತ್ತದೆ, ಇವರದು ಎದ್ದು ಇಳಿಯುತ್ತದೆ. ಊಟದ ವಿಷಯವೂ ಬರುತ್ತದೆ. ಊರಿನಿಂದ ಬರುವಾಗ ಉಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ ತೆಗೆದರೆ ಹುಡುಗರು ಸುತ್ತ ನಿಂತು ‘ಇದು ಹಲಾಲೇನ್ರೀ’ ಎಂದು ಕೇಳುತ್ತಾರೆ. ಹನಫೀಗಳಲ್ಲಿ ಸಮುದ್ರದ ಜೀವಿಗಳಲ್ಲಿ ಮೀನು ಮಾತ್ರ ಹಲಾಲ್. ಏಡಿ ಇಲ್ಲ. ಸಿಗಡಿ ಮೀನೋ ಅಲ್ಲವೋ ಎಂಬುದರಲ್ಲಿ ಅವರ ಉಲಮಾಗಳಲ್ಲೇ ಎರಡು ಮಾತು. ಸಮುದ್ರವನ್ನೇ ನೋಡದ ಮಕ್ಕಳಿಗೆ ಆ ಡಬ್ಬಿಯಿಂದಲೇ ಫಿಖ್‌ಹಿನ ಒಂದು ಬಾಬ್ ಕಲಿಸಬಹುದು.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಮಲಪ್ಪುರಂ ಜಿಲ್ಲೆಯ ಚೆಮ್ಮಾಡಿನಲ್ಲಿ 1986ರಲ್ಲಿ ಶುರುವಾದ ದಾರುಲ್ ಹುದಾ ಶಾಫಿಈ ಉಲಮಾಗಳು ಕಟ್ಟಿದ ಸಂಸ್ಥೆ. ಆದರೆ ಕೇರಳದ ಹೊರಗಿನಿಂದ ಬರುವ ಮಕ್ಕಳಿಗೆ ಅಲ್ಲಿ ಉರ್ದು ಮಾಧ್ಯಮದ ಪ್ರತ್ಯೇಕ ವಿಭಾಗವಿದೆ, ಹನಫೀ ಫಿಖ್‌ಹ್ ಕಲಿಸುತ್ತಾರೆ. ನಮ್ಮ ಹಾವೇರಿ ಜಿಲ್ಲೆಯ ಹಾನಗಲ್‌ನಲ್ಲಿಯೂ ಆ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ದೊಡ್ಡ ಸಂಸ್ಥೆ ಮಾಡಿದ್ದನ್ನು ಸಣ್ಣ ಮದ್ರಸವೂ ಮಾಡಬಹುದು. ನೂರುಲ್ ಈಳಾಹ್, ಕುದೂರಿಯಂಥ ಹನಫೀ ಕಿತಾಬುಗಳನ್ನು ಉಸ್ತಾದ್ ಮೊದಲು ತಾನು ಓದಿಕೊಳ್ಳಬೇಕು. ಗೊತ್ತಾಗದ್ದನ್ನು ಊರಿನ ಇಮಾಮರನ್ನು ಕೇಳಬೇಕು. ಕೇಳಿದರೆ ಮರ್ಯಾದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಮಾಂ ಶಾಫಿಈ ಹುಟ್ಟಿದ್ದು ಹಿಜ್ರಿ 150ರಲ್ಲಿ, ಇಮಾಂ ಅಬೂ ಹನೀಫಾ ವಫಾತ್ ಆದದ್ದೂ ಅದೇ ವರ್ಷ. ಬಗ್ದಾದ್‌ನಲ್ಲಿ ಅಬೂ ಹನೀಫಾರ ಖಬರಿನ ಬಳಿ ಸುಬ್‌ಹಿ ನಿಸ್ಕರಿಸುವಾಗ ಇಮಾಂ ಶಾಫಿಈ ತಮ್ಮದೇ ಮಝ್‌ಹಬ್‌ನ ಕುನೂತನ್ನು ಆ ಇಮಾಮರ ಮೇಲಿನ ಅದಬ್‌ಗಾಗಿ ಬಿಟ್ಟರೆಂದು ಉಲಮಾಗಳು ಹೇಳುತ್ತಾ ಬಂದಿದ್ದಾರೆ. ಖಬರಿನಲ್ಲಿ ಮಲಗಿದವರಿಗೆ ಅಷ್ಟು ಅದಬ್ ತೋರಿದ ಇಮಾಮರ ಅನುಯಾಯಿಗಳು ನಾವು. ಜೀವಂತ ಇರುವ ಅಜ್ಜನಿಗೆ ಅದರ ಕಾಲು ಭಾಗವನ್ನಾದರೂ ತೋರಿಸಬೇಡವೇ?

ಮೊಹರಂ ಬಂದಾಗಲೂ ಹಾಗೆಯೇ. ಇಲ್ಲಿ ಅದು ಅಲಾಯಿ ಹಬ್ಬ. ಹಿಂದೂಗಳೂ ಮುಸ್ಲಿಮರೂ ಕೂಡಿ ಆಚರಿಸುತ್ತಾರೆ, ಹುಡುಗರೆಲ್ಲ ಊರಿಗೆ ಓಡುತ್ತಾರೆ. ನಮ್ಮ ಕಡೆಯ ಉಸ್ತಾದನಿಗೆ ಇದು ಹೊಸದು, ಹೇಳಬೇಕಾದ ಮಸ್ಅಲಗಳು ಬಾಯಿಗೆ ಬರುತ್ತವೆ. ಬಂದ ವರ್ಷವೇ ಅದನ್ನು ಹೇಳಲು ಹೊರಟವರ ಮಾತನ್ನು ಯಾರೂ ಕೇಳುವುದಿಲ್ಲ. ಒಂಬತ್ತು, ಹತ್ತರ ನೋಂಬಿನ ಮಹತ್ವ ಹೇಳಿ, ಮಕ್ಕಳ ಜೊತೆ ಹಿಡಿದು, ಮನೆಯವರನ್ನು ಇಫ್ತಾರ್‌ಗೆ ಕರೆದರೆ ಅವರೇ ಬಂದು ಕೂರುತ್ತಾರೆ. ಮುಆದ್ ಬಿನ್ ಜಬಲ್ ಮತ್ತು ಅಬೂ ಮೂಸಲ್ ಅಶ್‌ಅರಿಯವರನ್ನು (ರ) ಯಮನಿಗೆ ಕಳಿಸುವಾಗ ಪ್ರವಾದಿ (ಸ) ಕೊಟ್ಟ ಉಪದೇಶ ಜನರಿಗೆ ಸುಲಭ ಮಾಡಿ, ಕಷ್ಟ ಮಾಡಬೇಡಿ, ದೂರ ಓಡಿಸಬೇಡಿ ಎಂಬುದೇ ಆಗಿತ್ತು.

ಎರಡು ಕ್ಯಾಲೆಂಡರ್‌ಗಳ ನಡುವೆ

ಮದ್ರಸದ ವರ್ಷ ಶವ್ವಾಲ್‌ನಲ್ಲಿ ಶುರುವಾಗಿ ಶಅಬಾನ್‌ನಲ್ಲಿ ಮುಗಿಯುತ್ತದೆ. ಶಾಲೆಯ ವರ್ಷ ಜೂನ್‌ನಿಂದ. ಉಸ್ತಾದರು ಊರು ಬದಲಿಸುವುದು ರಮಳಾನ್ ರಜೆಯಲ್ಲಿ. ಈ ಕೆಲವು ವರ್ಷಗಳಲ್ಲಿ ರಮಳಾನ್ ಬಂದದ್ದೇ ವಾರ್ಷಿಕ ಪರೀಕ್ಷೆಯ ಹೊತ್ತಿಗೆ. 2025ರಲ್ಲಿ ಮಾರ್ಚ್ 21ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ನೋಂಬು ಕೊನೆಯ ಹತ್ತಕ್ಕೆ ಕಾಲಿಡುತ್ತಿತ್ತು. ಮದ್ರಸಕ್ಕೆ ರಜೆ ಕೊಟ್ಟರೆ ಹತ್ತನೆಯ ತರಗತಿಯ ಹುಡುಗ ಗಂಟುಮೂಟೆ ಹೊತ್ತು ಊರಿಗೆ ಹೋಗುತ್ತಾನೆ, ಪುಸ್ತಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪರೀಕ್ಷೆ ಇರುವ ಮಕ್ಕಳನ್ನು ಉಳಿಸಿಕೊಂಡು, ಅವರ ಜೊತೆ ಒಬ್ಬ ಉಸ್ತಾದ್ ಇರಲೇಬೇಕು. ಹೆಂಡತಿ ಮಕ್ಕಳ ಜೊತೆ ಕಳೆಯಬೇಕಾದ ನೋಂಬನ್ನು ಬಿಟ್ಟು ಇಲ್ಲಿ ಸಹರಿಗೆ ರೊಟ್ಟಿ ಹಂಚುತ್ತಾ ಗಣಿತದ ಲೆಕ್ಕ ನೋಡುವವರಿಗೆ ಅಲ್ಲಾಹು ಪ್ರತಿಫಲ ಕೊಡಲಿ.

ಮಕ್ಕಳು ಶಾಲೆಯಲ್ಲಿರುವ ಹೊತ್ತು ನಮಗೆ ವಿಶ್ರಾಂತಿ ಎಂದು ಊರಲ್ಲಿ ತಿಳಿದಿದ್ದಾರೆ. ಆ ಹೊತ್ತು ನಾಡಕಚೇರಿ, ಬ್ಯಾಂಕು, ಶಾಲೆಯ ಆಫೀಸಿಗೆ ಹೋಗುತ್ತದೆ. ನಡಾಫ್, ಪಿಂಜಾರ ಮಕ್ಕಳು ಪ್ರವರ್ಗ-1ರಲ್ಲಿ ಬರುತ್ತಾರೆ. ಸರಿಯಾದ ಜಾತಿ ಪ್ರಮಾಣಪತ್ರ ಮಾಡಿಸದಿದ್ದರೆ ಆ ಸವಲತ್ತು ಕೈತಪ್ಪುತ್ತದೆ. ಶಾಲೆಯ ದಾಖಲೆಯಲ್ಲಿ ಹುಸೇನ್‌ಸಾಬ್, ಆಧಾರ್‌ನಲ್ಲಿ ಹುಸೇನಪ್ಪ ಎಂದಿರುತ್ತದೆ. ಎರಡೂ ಒಂದೇ ಹುಡುಗ, ಎರಡೂ ಈ ಊರಿನ ನಿಜವಾದ ಹೆಸರು, ಕಂಪ್ಯೂಟರ್ ಒಪ್ಪುವುದಿಲ್ಲ. ಅಲ್ಪಸಂಖ್ಯಾತ ಮಕ್ಕಳಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು 2022ರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗೆ ಮಾತ್ರ ಸೀಮಿತ ಮಾಡಿದ ಮೇಲೆ, ಇರುವ ಅವಕಾಶಗಳನ್ನು ಕಳೆದುಕೊಳ್ಳುವ ಹಾಗಿಲ್ಲ. ಐದನೆಯ ತರಗತಿಯ ಚುರುಕು ಮಕ್ಕಳನ್ನು ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಿಸುತ್ತೇವೆ. ಅಲ್ಲಿ ಸೀಟು ಸಿಕ್ಕಿ ನಮ್ಮ ಮದ್ರಸ ಬಿಟ್ಟು ಹೋದರೆ ಅದು ನಮಗೆ ನಷ್ಟವಲ್ಲ.

ಇವರ ತಂದೆ ನಿಮ್ಮ ಊರಲ್ಲಿದ್ದಾರೆ

ರಾತ್ರಿ ದೀಪ ಆರಿದ ಮೇಲೆ ಚಾದರದೊಳಗೆ ಅಳುವ ಸದ್ದು ಕೇಳುತ್ತದೆ. ಹೊಸ ಮಕ್ಕಳಾದರೆ ಒಂದು ತಿಂಗಳು ಇದ್ದದ್ದೇ. ದೀಪಾವಳಿ ಕಳೆದ ಮೇಲೆ ಹಳೆಯ ಮಕ್ಕಳೂ ಅಳುತ್ತಾರೆ. ಯಾಕೆಂದರೆ ಸುಗ್ಗಿ ಮುಗಿದು ತಂದೆತಾಯಿ ಗುಳೆ ಹೊರಡುವುದು ಆಗ. ಕಬ್ಬು ಕಡಿಯಲು, ಬೆಂಗಳೂರಿನ ಕಟ್ಟಡಕ್ಕೆ, ಕಾಫಿ ಕೊಯ್ಲಿಗೆ. ಕೆಲವರು ನೇರ ಮಂಗಳೂರಿಗೆ.

ಹೌದು, ನಮ್ಮ ಊರಿಗೆ. ನಮ್ಮಲ್ಲಿ ಅವರನ್ನು ಯಾವ ಜಿಲ್ಲೆಯವರೇ ಆಗಲಿ ‘ಬಿಜಾಪುರದವರು’ ಎಂದು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ನಿಮ್ಮ ಹೊಸ ಮನೆಯ ತಾರಸಿಗೆ ಜಲ್ಲಿ ಹೊತ್ತವರಲ್ಲಿ ನಮ್ಮ ಮದ್ರಸದ ಮಗುವಿನ ಉಪ್ಪ ಇರಬಹುದು. ಅವರಿಗೆ ಮಗನನ್ನು ಬಿಟ್ಟುಬರಲು ಒಂದು ಜಾಗ ಇಲ್ಲದಿದ್ದರೆ ಮಗನೂ ಜೊತೆಗೆ ಬರುತ್ತಾನೆ, ಮರಳಿನ ರಾಶಿಯ ಪಕ್ಕ ತಮ್ಮನನ್ನು ನೋಡಿಕೊಳ್ಳುತ್ತಾ ಕೂರುತ್ತಾನೆ. ಇಲ್ಲಿನ ವಸತಿ ಮದ್ರಸ ಮುಖ್ಯವಾಗುವುದು ಇದಕ್ಕೆ. ಮಗು ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿಯುವುದು ಇಲ್ಲಿ ರಾತ್ರಿ ಮಲಗಲು ಒಂದು ಚಾಪೆ, ಬೆಳಗ್ಗೆ ಎಬ್ಬಿಸಲು ಒಬ್ಬ ಹಜ್ರತ್ ಇರುವುದರಿಂದ. ಆ ಹಜ್ರತ್ ವರ್ಷಕ್ಕೊಬ್ಬರು ಬದಲಾದರೆ ತಂದೆಗೆ ನಂಬಿಕೆ ಬರುವುದಿಲ್ಲ. ಯಾರ ಕೈಗೆ ಮಗನನ್ನು ಒಪ್ಪಿಸಿ ಹೋದೆ ಎಂದು ಅವರಿಗೆ ಗೊತ್ತಿರಬೇಕು.

ನಾವು ಮಾಡಬಹುದಾದದ್ದು

ಕರಾವಳಿಯಲ್ಲಿ ಕಟ್ಟಡಕ್ಕೆ ಹಣ ಬೇಗ ಸೇರುತ್ತದೆ. ಉಸ್ತಾದನ ಕುಟುಂಬಕ್ಕೆ ಒಂದು ಬಾಡಿಗೆ ಮನೆ ಎಂದರೆ ಯಾರೂ ಮುಂದೆ ಬರುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆತರಲು ಆಗದವರು ಎಷ್ಟು ದಿನ ನಿಲ್ಲುತ್ತಾರೆ? ಮುಂದಿನ ಸಲ ಸದಖ ಕೊಡುವಾಗ ಗೋಡೆಯ ಜೊತೆ ಆ ಬಾಡಿಗೆಯನ್ನೂ ನೆನಪಿಸಿಕೊಳ್ಳಿ.

ಕಳಿಸುವವರು ಎರಡು ಮೂರು ತಿಂಗಳು ಮೊದಲೇ ತಯಾರಿ ಕೊಡಲಿ. ದಖನಿ ಮಾತು, ಹನಫೀ ಫಿಖ್‌ಹಿನ ಮೊದಲ ಪಾಠ, ಇಲ್ಲಿನ ಮುಸ್‌ಹಫ್, ನಾಡಕಚೇರಿಯ ಅರ್ಜಿಗಳು. ಕನಿಷ್ಠ ಮೂರು ವರ್ಷ ನಿಲ್ಲುವವರನ್ನೇ ಕಳಿಸಲಿ. ಒಂದು ಮಗು ಅಲಿಫ್‌ನಿಂದ ಕುರ್‌ಆನ್ ಓದಿ ಮುಗಿಸುವವರೆಗೆ ಒಬ್ಬರೇ ಉಸ್ತಾದ್ ಇರಲಿ. ಎಸ್ಸೆಸ್ಸೆಲ್ಸಿ ಮಕ್ಕಳ ಪರೀಕ್ಷೆ ಮುಗಿಯದೆ ಯಾರನ್ನೂ ವರ್ಗಾಯಿಸದಿರಲಿ.

ಘಟ್ಟ ಹತ್ತದೆ ಮಾಡಬಹುದಾದ ಕೆಲಸವೂ ಇದೆ. ನಿಮ್ಮ ಜಮಾಅತಿನ ವ್ಯಾಪ್ತಿಯಲ್ಲಿ ಕೂಲಿಗೆ ಬಂದ ಕುಟುಂಬಗಳ ಮಕ್ಕಳು ಇದ್ದೇ ಇರುತ್ತಾರೆ. ಅವರನ್ನು ಹತ್ತಿರದ ಶಾಲೆಗೆ ಸೇರಿಸಿ, ಮದ್ರಸದ ಬೆಂಚಿನಲ್ಲಿ ನಿಮ್ಮ ಮಕ್ಕಳ ಪಕ್ಕ ಕೂರಿಸಿ. ಕುನೂತ್ ಓದುವಾಗ ಅವರು ಸುಮ್ಮನೆ ನಿಂತರೆ ತಿದ್ದಲು ಹೋಗಬೇಡಿ. ಅವರ ಊರು ಯಾವುದೆಂದು ಕೇಳಿ. ಇಟ್ಟಿಗಿ ಎಂದರೆ, ನಮ್ಮ ಮದ್ರಸಕ್ಕೆ ಒಂದು ಸಲಾಂ ಕಳಿಸಿ.